ನಿಫಾ ಸುದ್ದಿ ಕೇಳಿದರೆ ಕೈ ನಡುಗುತ್ತದೆ, ಕೆಲಸ ಬಿಡಲಾ?

ಪ್ರಶ್ನೆ: ಮೇಡಂ, ನಾನು ಕೇರಳ ಗಡಿಗೆ ಹತ್ತಿರದ ಒಂದು ತಾಲೂಕು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಕೋವಿಡ್‌ನ ಎರಡೂ ಅಲೆಯಲ್ಲಿ ಕೋವಿಡ್ ವಾರ್ಡ್ ಡ್ಯೂಟಿ ಮಾಡಿದ್ದೇನೆ. ಆಗ ಹೇಗೋ ಆಯಿತು. ಈಗ ಪಕ್ಕದಲ್ಲಿ ನಿಫಾ ಬಂದಿದೆ ಅಂತ ಸುದ್ದಿ ಕೇಳಿದರೆ ಸಾಕು, ಎದೆ ಡಬಡಬ ಅನ್ನುತ್ತದೆ, ಕೈ ನಡುಗುತ್ತದೆ, ನೈಟ್ ಡ್ಯೂಟಿಗೆ ಹೊರಡುವ ಮುಂಚೆ ಹೊಟ್ಟೆ ಕೆಡುತ್ತದೆ. ಮಾನಿಟರ್ ಬೀಪ್ ಕೇಳಿದರೆ ಬೆನ್ನಲ್ಲಿ ಚಳಿ ಬಂದ ಹಾಗಾಗುತ್ತದೆ. ಮನೆಗೆ ಬಂದರೆ ಮಗಳನ್ನು ಮುಟ್ಟುವ ಮುಂಚೆ ನಾಲ್ಕೈದು ಸಲ ಕೈ ತೊಳೆಯುತ್ತೇನೆ. ನಿದ್ದೆ ಬಾರದ ದಿನ ಆಲ್‌ಪ್ರಜೋಲಮ್ ಅರ್ಧ ಮಾತ್ರೆ ತಗೊಳ್ತೇನೆ. 2021ರಲ್ಲಿ ಒಂದು ರಾತ್ರಿ ಒಂದೇ ಆಕ್ಸಿಜನ್ ಪಾಯಿಂಟ್ ಖಾಲಿ ಇತ್ತು, ಇಬ್ಬರು ಬಂದಿದ್ದರು, ಅದು ಬಿಡಿ. ನಮ್ಮ ಇನ್‌ಚಾರ್ಜ್ ಸಿಸ್ಟರ್ "ಎಲ್ಲರಿಗೂ ಇರೋದೇ, ಅಡ್ಜಸ್ಟ್ ಮಾಡ್ಕೊ" ಅಂತಾರೆ. ಯಜಮಾನರು ಕೆಲಸ ಬಿಟ್ಟುಬಿಡು ಅಂತಾರೆ. ಇದು ಹುಚ್ಚಾ? ಡಾಕ್ಟರಿಗೆ ತೋರಿಸಿದರೆ ಸರ್ವಿಸ್ ರಿಜಿಸ್ಟರಿಗೆ ಬರುತ್ತಾ? ಕೆಲಸ ಬಿಡಲಾ? ಹೆಸರು ಹಾಕಬೇಡಿ.

ಉತ್ತರ: ಸಿಸ್ಟರ್, ಮೂರು ಪ್ರಶ್ನೆಗಳಲ್ಲಿ ಸುಲಭದ್ದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಹುಚ್ಚಲ್ಲ. ನೀವು ಬರೆದದ್ದನ್ನು ನೋಡಿದರೆ ಇದು ಆತಂಕದ ತೊಂದರೆ, ಅದರ ಜೊತೆಗೆ ಹಳೆಯ ಆಘಾತದ ಉಳಿಕೆಯೂ ಇದ್ದ ಹಾಗೆ ಕಾಣುತ್ತದೆ. ಬರೀ ಪತ್ರ ಓದಿ ಕಾಯಿಲೆಗೆ ಹೆಸರಿಡುವುದು ಸರಿಯಲ್ಲ, ಎದುರು ಕೂತು ಮಾತಾಡಿಯೇ ಅದನ್ನು ತೀರ್ಮಾನ ಮಾಡಬೇಕು. ಆದರೆ ಎರಡಕ್ಕೂ ಚಿಕಿತ್ಸೆ ಇದೆ, ಬಹಳ ಜನರಿಗೆ ಅದು ಚೆನ್ನಾಗಿಯೇ ಹಿಡಿಯುತ್ತದೆ ಅಂತ ಈಗಲೇ ಹೇಳಬಲ್ಲೆ.

ಇನ್ನೊಂದು ಮಾತು. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ನಿಫಾ ಮೇಲಲ್ಲ. ಆ ಆಕ್ಸಿಜನ್ ಪಾಯಿಂಟಿನ ವಿಷಯ ಅರ್ಧ ಹೇಳಿ "ಅದು ಬಿಡಿ" ಅಂದಿದ್ದೀರಲ್ಲ, ಅಲ್ಲಿ. ನಾನು ಬಿಡುವುದಿಲ್ಲ. ಆದರೆ ಅದಕ್ಕೆ ಆಮೇಲೆ ಬರೋಣ, ಮೊದಲು ಭಯದ ಲೆಕ್ಕ ಮುಗಿಸೋಣ.

ಆಗಿನ ನಿಮ್ಮ ಭಯ ಸುಳ್ಳು ಭಯ ಆಗಿರಲಿಲ್ಲ. ದೇಶದ ಮೊದಲ ಕೋವಿಡ್ ಸಾವು ಆಗಿದ್ದು ನಮ್ಮ ಕಲಬುರಗಿಯ ಹಿರಿಯರೊಬ್ಬರದು, 2020ರ ಮಾರ್ಚ್ 10ರಂದು. ಅವರಿಗೆ ಚಿಕಿತ್ಸೆ ಕೊಟ್ಟ ವೈದ್ಯರೊಬ್ಬರಿಗೂ ಸೋಂಕು ತಗುಲಿತು. ಅಂದರೆ ಮೊದಲ ವಾರದಲ್ಲೇ ಎಲ್ಲರಿಗೂ ಗೊತ್ತಾಯಿತು, ಈ ರೋಗ ಮಂಚದಿಂದ ಮಂಚದ ಪಕ್ಕ ನಿಂತವರಿಗೆ ಬರುತ್ತದೆ ಅಂತ. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಹಾಕಿತು: 2020ರ ಜನವರಿಯಿಂದ 2021ರ ಮೇ ತನಕ ಜಗತ್ತಿನಲ್ಲಿ ಸುಮಾರು 80,000ದಿಂದ 1,80,000 ಆರೋಗ್ಯ ಸಿಬ್ಬಂದಿ ಕೋವಿಡ್‌ನಿಂದ ಸತ್ತಿರಬಹುದು, ನಡುವಿನ ಅಂದಾಜು 1,15,500. ಇಷ್ಟು ಜನ ಸಾಯುತ್ತಿದ್ದಾಗ ಹೆದರದೇ ಇದ್ದವರ ಬಗ್ಗೆ ನನಗೆ ಜಾಸ್ತಿ ಚಿಂತೆ ಆಗುತ್ತಿತ್ತು.

ನಿಫಾ ವಿಷಯದಲ್ಲೂ ನಿಮ್ಮ ಭಯಕ್ಕೆ ಬೇರು ಇದೆ. 2018ರಲ್ಲಿ ಕೋಯಿಕ್ಕೋಡ್ ಜಿಲ್ಲೆಯಲ್ಲಿ ನಿಫಾ ಬಂದಾಗ ಪೇರಾಂಬ್ರ ತಾಲೂಕು ಆಸ್ಪತ್ರೆಯ ನರ್ಸ್ ಲಿನಿ ಪುದುಶ್ಶೇರಿ ರೋಗಿಯ ಆರೈಕೆ ಮಾಡುತ್ತಾ ಸೋಂಕು ತಗುಲಿ ಮೇ 21ರಂದು ತೀರಿಕೊಂಡರು. ಅವರದೂ ನಿಮ್ಮಂಥದ್ದೇ ತಾಲೂಕು ಆಸ್ಪತ್ರೆ, ಮನೆಯಲ್ಲಿ ಪುಟ್ಟ ಮಕ್ಕಳು. ಆ ಸಲ ಹೆಚ್ಚಿನವರಿಗೆ ಸೋಂಕು ಹತ್ತಿದ್ದೂ ಆಸ್ಪತ್ರೆಗಳ ಒಳಗೇ. ಹಾಗಾಗಿ "ಸುಮ್ನೆ ಹೆದರ್ತೀಯ" ಅಂತ ನಿಮಗೆ ಯಾರಾದರೂ ಹೇಳಿದರೆ ಅವರಿಗೆ ವಿಷಯ ಗೊತ್ತಿಲ್ಲ ಅಂತ ಅರ್ಥ. ಆದರೆ ವಿಷಯದ ಇನ್ನೊಂದು ಅರ್ಧವನ್ನೂ ನೀವು ಇಟ್ಟುಕೊಳ್ಳಬೇಕು. ನಿಫಾ ಕೋವಿಡ್ ಹಾಗೆ ಊರಿಗೆ ಊರೇ ಹಬ್ಬುವ ರೋಗವಲ್ಲ. ಅದು ಹರಡುವುದು ರೋಗಿಯ ತೀರಾ ಹತ್ತಿರದ ಸಂಪರ್ಕದಿಂದ, ಜೊಲ್ಲು, ಕಫ, ರಕ್ತ, ಮೂತ್ರದಂಥ ದ್ರವಗಳಿಂದ. ಮಾಸ್ಕ್, ಗ್ಲೌಸ್, ಗೌನ್, ಕೈ ತೊಳೆಯುವುದು, ರೋಗಿಯನ್ನು ಬೇಗ ಪ್ರತ್ಯೇಕಿಸುವುದು ಇವುಗಳಿಂದಲೇ ಅದು ನಿಲ್ಲುತ್ತದೆ. 2018ರ ನಂತರವೂ ಕೇರಳದಲ್ಲಿ ಅದು ಮತ್ತೆ ಮತ್ತೆ ಬಂದಿದೆ, ಪ್ರತಿ ಸಲ ಕೆಲವೇ ಜನರಲ್ಲಿ ತಡೆದಿದ್ದಾರೆ. ಅಪಾಯ ದೊಡ್ಡದು, ಹರಡುವ ಶಕ್ತಿ ಚಿಕ್ಕದು. ಕೋವಿಡ್ ಕಂಡ ನಿಮ್ಮ ಮೈ ಮಾತ್ರ ಎರಡನ್ನೂ ಒಂದೇ ಅಂತ ಓದಿಕೊಳ್ಳುತ್ತಿದೆ.

ನಿಮ್ಮ ಇನ್‌ಚಾರ್ಜ್ "ಎಲ್ಲರಿಗೂ ಇರೋದೇ" ಅಂದರಲ್ಲ, ಅದು ಅರ್ಧ ನಿಜ. ವುಹಾನ್ ಸುತ್ತ ಕೋವಿಡ್ ಶುರುವಾದಾಗ, 2020ರ ಜನವರಿ ಕೊನೆ, ಫೆಬ್ರವರಿ ಮೊದಲ ವಾರದಲ್ಲಿ, ಚೀನಾದ 34 ಆಸ್ಪತ್ರೆಗಳ 1,257 ವೈದ್ಯರು, ನರ್ಸ್‌ಗಳನ್ನು ಕೇಳಿದಾಗ ಶೇ 44.6 ಮಂದಿಯಲ್ಲಿ ಆತಂಕದ ಲಕ್ಷಣ ಇತ್ತು. ನರ್ಸ್‌ಗಳಲ್ಲಿ, ಹೆಂಗಸರಲ್ಲಿ, ರೋಗಿಯ ನೇರ ಆರೈಕೆಯಲ್ಲಿದ್ದವರಲ್ಲಿ ಅದು ಹೆಚ್ಚು ತೀವ್ರವಾಗಿತ್ತು. ಸ್ವಲ್ಪ ಸಮಯದ ನಂತರ ಇಂಥ 13 ಅಧ್ಯಯನಗಳನ್ನು, ಒಟ್ಟು 33,062 ಜನರನ್ನು, ಸೇರಿಸಿ ನೋಡಿದಾಗ ಆತಂಕ ಶೇ 23ರಷ್ಟು ಅಂತ ಬಂತು. ನಿದ್ದೆಯ ತೊಂದರೆ ಇನ್ನೂ ಹೆಚ್ಚು, ಶೇ 39ರ ಹತ್ತಿರ. ಇವೆಲ್ಲ ಪ್ರಶ್ನಾವಳಿ ತುಂಬಿಸಿ ಬಂದ ಅಂಕಿಗಳು. ಇದನ್ನು "ಅರ್ಧಕ್ಕರ್ಧ ಡಾಕ್ಟರಿಗೆ ಮಾನಸಿಕ ರೋಗ" ಅಂತ ಓದಿಕೊಂಡರೆ ತಪ್ಪು. ಲಕ್ಷಣ ಇರುವುದು ಬೇರೆ, ಕಾಯಿಲೆ ಅಂತ ತೀರ್ಮಾನ ಮಾಡುವುದು ಬೇರೆ. ಬಹಳ ಜನರಿಗೆ ಪರಿಸ್ಥಿತಿ ತಿಳಿಯಾದ ಮೇಲೆ ಅದೂ ಇಳಿಯಿತು. ಕೆಲವರಿಗೆ ಇಳಿಯಲಿಲ್ಲ. ಬಹಳ ಜನರಿಗೆ ಬಂದಿತ್ತು ನಿಜ, ಆದರೆ ನಿಮಗೆ ಇನ್ನೂ ಉಳಿದಿದೆ, ಅದಕ್ಕೆ "ಅಡ್ಜಸ್ಟ್ ಮಾಡ್ಕೊ" ಅನ್ನುವುದು ಉತ್ತರ ಅಲ್ಲ.

ನರ್ಸ್‌ಗಳಿಗೆ ಯಾಕೆ ಹೆಚ್ಚು? ನನ್ನ ಅಭಿಪ್ರಾಯ ಹೇಳುತ್ತೇನೆ. ಡಾಕ್ಟರು ರೌಂಡ್ಸ್ ಬಂದು ಹೋಗುತ್ತಾರೆ. ಪಿಪಿಇ ಕಿಟ್ ಹಾಕಿಕೊಂಡು, ನೀರು ಕುಡಿಯದೆ, ಬಾತ್‌ರೂಮಿಗೆ ಹೋಗದೆ, ಗಾಗಲ್ಸ್ ಮೇಲೆ ಮಂಜು ಕಟ್ಟಿ ವೇನ್ ಕಾಣದಿದ್ದರೂ ಕ್ಯಾನುಲಾ ಹಾಕುತ್ತಾ, ಮುಟ್ಟಿನ ದಿನವಾದರೂ ಅದೇ ಕಿಟ್‌ನಲ್ಲಿ ಶಿಫ್ಟ್ ಮುಗಿಯುವ ತನಕ ಮಂಚದ ಪಕ್ಕ ಇರುವವರು ನೀವು. ರೋಗಿಯ ಮಗ ವಿಡಿಯೋ ಕಾಲ್ ಮಾಡಿದಾಗ ಫೋನ್ ಹಿಡಿದು ನಿಂತವರೂ ನೀವೇ. "ಅಮ್ಮ ಹೇಗಿದ್ದಾರೆ" ಅಂತ ಕೇಳಿದಾಗ ಏನು ಹೇಳಬೇಕು ಅಂತ ನಿಮಗೆ ಯಾವ ಕಾಲೇಜಿನಲ್ಲೂ ಕಲಿಸಿರಲಿಲ್ಲ.

2020ರಲ್ಲಿ ಕೋವಿಡ್ ಶುರುವಾದ ಹೊಸದರಲ್ಲಿ ಅಮೆರಿಕದ ಕೆಲವು ವೈದ್ಯರು ಒಂದು ಒಳ್ಳೆಯ ಕೆಲಸ ಮಾಡಿದರು. ಸಿಬ್ಬಂದಿಗೆ ಧೈರ್ಯ ತುಂಬುವ ಭಾಷಣ ಮಾಡುವ ಬದಲು 69 ವೈದ್ಯರು, ನರ್ಸ್‌ಗಳು ಮುಂತಾದವರನ್ನು ಗುಂಪುಗಳಲ್ಲಿ ಕೂರಿಸಿ "ನಿಮಗೆ ಆತಂಕ ಯಾವುದಕ್ಕೆ" ಅಂತ ಸುಮ್ಮನೆ ಕೇಳಿದರು. ಬಂದ ಉತ್ತರಗಳು ಹೀಗಿದ್ದವು: ಸರಿಯಾದ ಮಾಸ್ಕ್, ಕಿಟ್ ಸಿಗುತ್ತಾ, ನನ್ನಿಂದ ಮನೆಯವರಿಗೆ ಹರಡುತ್ತಾ, ನನಗೆ ಜ್ವರ ಬಂದರೆ ಬೇಗ ಟೆಸ್ಟ್ ಆಗುತ್ತಾ, ನಾನು ಬಿದ್ದರೆ ಆಸ್ಪತ್ರೆ ನನ್ನನ್ನು ನೋಡಿಕೊಳ್ಳುತ್ತಾ, ಶಾಲೆ ಮುಚ್ಚಿದೆ ಮಗುವನ್ನು ಯಾರು ನೋಡುತ್ತಾರೆ, ಊಟ, ಇರಲು ಜಾಗ, ಓಡಾಟ ಹೇಗೆ, ಗೊತ್ತಿಲ್ಲದ ವಾರ್ಡಿಗೆ ಹಾಕಿದರೆ ಕೆಲಸ ಬರುತ್ತಾ, ಸರಿಯಾದ ಮಾಹಿತಿ ಯಾರು ಕೊಡುತ್ತಾರೆ. ನೋಡಿ, "ನನ್ನ ಮನಸ್ಸನ್ನು ಗಟ್ಟಿ ಮಾಡಿ" ಅನ್ನುವ ಕೋರಿಕೆ ಇದರಲ್ಲಿ ಒಂದೂ ಇಲ್ಲ. ಎಲ್ಲವೂ ಆಸ್ಪತ್ರೆ ಮಾಡಬಹುದಾದ ಕೆಲಸ.

ನಮ್ಮಲ್ಲೂ ಅದೇ. ಹೆರಿಗೆ ವಾರ್ಡಿನಲ್ಲಿ ವರ್ಷಗಟ್ಟಲೆ ಇದ್ದವರನ್ನು ರಾತ್ರೋರಾತ್ರಿ ವೆಂಟಿಲೇಟರ್ ಮುಂದೆ ನಿಲ್ಲಿಸಿದರು. 2020ರ ಮಾರ್ಚ್ 22ರ ಸಂಜೆ ಊರೆಲ್ಲ ಚಪ್ಪಾಳೆ, ತಟ್ಟೆ ಬಾರಿಸಿತು, ಅದೇ ದಿನಗಳಲ್ಲಿ ದೇಶದ ಹಲವು ಕಡೆ ವೈದ್ಯರಿಗೆ, ನರ್ಸ್‌ಗಳಿಗೆ "ಮನೆ ಖಾಲಿ ಮಾಡಿ" ಅಂತ ಮಾಲೀಕರು ಹೇಳಿದರು. ಹಲ್ಲೆಗಳು ಹೆಚ್ಚಾಗಿ ಕೊನೆಗೆ ಏಪ್ರಿಲ್ 22ರಂದು ಕೇಂದ್ರ ಸುಗ್ರೀವಾಜ್ಞೆ ತರಬೇಕಾಯಿತು, 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನೇ ತಿದ್ದಿ, ಆರೋಗ್ಯ ಸಿಬ್ಬಂದಿ ಮೇಲೆ ಕೈ ಮಾಡಿದರೆ ಜಾಮೀನು ಇಲ್ಲ ಅಂತ ಮಾಡಿದರು. 50 ಲಕ್ಷದ ವಿಮೆ ಘೋಷಣೆ ಆಯಿತು, ಗುತ್ತಿಗೆಯವರು, ಆಶಾ ಕಾರ್ಯಕರ್ತೆಯರು ಎಲ್ಲ ಅದರಲ್ಲಿ ಸೇರಿದ್ದರು. ಒಳ್ಳೆಯದೇ, ಆದರೆ ಅದು ಸತ್ತ ಮೇಲಿನ ದುಡ್ಡು. ಬದುಕಿದ್ದಾಗಿನ ಸಂಬಳಕ್ಕಾಗಿ ನಮ್ಮ ರಾಜ್ಯದ ಆಶಾ ಕಾರ್ಯಕರ್ತೆಯರು ಅದೇ ವರ್ಷ ಜುಲೈನಲ್ಲಿ, ಸೋಂಕು ಏರುತ್ತಿದ್ದಾಗಲೇ, ಕೆಲಸ ನಿಲ್ಲಿಸಿ 12,000 ರೂಪಾಯಿ ಗೌರವಧನ ಕೇಳಬೇಕಾಯಿತು. ಮನೆಮನೆ ಸುತ್ತಿದ್ದು ಅವರು. ಮಾನಸಿಕ ಒತ್ತಡ ನಿವಾರಣೆ ಅಂತ ಅವರಿಗೆ ಯೋಗದ ವಿಡಿಯೋ ಕಳಿಸಿದರೆ ಏನು ಹೇಳಬೇಕು ನೀವೇ ಹೇಳಿ. ಯೋಗದ ಮೇಲೆ ನನಗೆ ಕೋಪ ಇಲ್ಲ, ಮಾಸ್ಕ್ ಕೊಡಬೇಕಾದ ಕಡೆ ವಿಡಿಯೋ ಕೊಡುವುದರ ಮೇಲೆ ಇದೆ.

ಸರಿ, "ಆಗ ಹೇಗೋ ಆಯಿತು, ಈಗ ಯಾಕೆ?" ಇದು ನೀವು ನೇರವಾಗಿ ಕೇಳಿಲ್ಲ, ಆದರೆ ಪತ್ರದ ತುಂಬ ಇದೆ. ಅಪಾಯದ ನಡುವೆ ಇರುವಾಗ ಮೈ ಕೆಲಸ ಮಾಡುತ್ತದೆ, ಲೆಕ್ಕ ಹಾಕುವುದು ಆಮೇಲೆ. 2003ರಲ್ಲಿ ಕೆನಡಾದ ಟೊರಾಂಟೊದಲ್ಲಿ ಸಾರ್ಸ್ ಅನ್ನುವ, ಕೋವಿಡ್ ಥರದ್ದೇ ಉಸಿರಾಟದ ಸೋಂಕು ಬಂದಿತ್ತು. ಅದು ಮುಗಿದು ಒಂದರಿಂದ ಎರಡು ವರ್ಷ ಆದ ಮೇಲೆ ಅಲ್ಲಿ ಸಾರ್ಸ್ ರೋಗಿಗಳನ್ನು ನೋಡಿದ ಆಸ್ಪತ್ರೆಗಳ ಸಿಬ್ಬಂದಿಯನ್ನು, ಪಕ್ಕದ ಹ್ಯಾಮಿಲ್ಟನ್‌ನಲ್ಲಿ ಸಾರ್ಸ್ ನೋಡದ ಆಸ್ಪತ್ರೆಗಳ ಸಿಬ್ಬಂದಿಯ ಜೊತೆ ಹೋಲಿಸಿದರು. ಟೊರಾಂಟೊದವರಲ್ಲಿ ಬಳಲಿಕೆ, ಮನಸ್ಸಿನ ಸಂಕಟ, ಆಘಾತದ ಲಕ್ಷಣ ಎಲ್ಲ ಇನ್ನೂ ಹೆಚ್ಚಾಗಿದ್ದವು. ರೋಗ ಹೋಗಿತ್ತು, ಅದರ ಕೆಲಸ ಮುಗಿದಿರಲಿಲ್ಲ. ಹಾಗಾಗಿ ನೀವು ತಡವಾಗಿ ಹೆದರುತ್ತಿದ್ದೀರಿ ಅಂತ ನಾಚಿಕೆ ಪಡಬೇಡಿ.

ಮಾನಿಟರ್ ಸದ್ದಿನ ವಿಷಯ ಹೇಳಿದ್ದೀರಿ, ಅದು ಬಹಳ ಮುಖ್ಯ. ಸ್ಯಾಚುರೇಷನ್, ಅಂದರೆ ರಕ್ತದಲ್ಲಿನ ಆಕ್ಸಿಜನ್ ಮಟ್ಟ, ಇಳಿದ ಹಾಗೆ ಬೀಪ್‌ನ ಸ್ವರವೂ ಇಳಿಯುತ್ತಾ ಹೋಗುವ ಮಾನಿಟರ್‌ಗಳು ನಿಮಗೆ ಗೊತ್ತೇ ಇದೆ. ಬೆನ್ನು ತಿರುಗಿಸಿ ಇಂಜೆಕ್ಷನ್ ಲೋಡ್ ಮಾಡುತ್ತಿದ್ದರೂ ಕಿವಿಗೆ ತಿಳಿಯಲಿ ಅಂತಲೇ ಆ ಏರ್ಪಾಡು. 2021ರ ಏಪ್ರಿಲ್, ಮೇನಲ್ಲಿ ಆ ಇಳಿಯುವ ಸ್ವರ, ಅದರ ಹಿಂದೆಯೇ ಒಂದು ಸಾವು, ಹೀಗೆ ಎಷ್ಟು ಸಲ ನಿಮ್ಮ ಕಿವಿಗೆ ಬಿದ್ದಿರಬಹುದು. ಒಮ್ಮೆ ಕಳ್ಳ ನುಗ್ಗಿದ ಮನೆಯ ನಾಯಿ ಎಲೆ ಅಲ್ಲಾಡಿದರೂ ಬೊಗಳುತ್ತದೆ, ನಿಮ್ಮ ಮೈ ಈಗ ಮಾಡುತ್ತಿರುವುದು ಅದನ್ನೇ. ಇದು ನಿಮ್ಮ ಬುದ್ಧಿಗೆ ಸಂಬಂಧಪಟ್ಟದ್ದಲ್ಲ, ಬುದ್ಧಿಗೆ "ಇದು ಸಾಮಾನ್ಯ ವಾರ್ಡು, ರೋಗಿ ಬೆರಳು ಅಲ್ಲಾಡಿಸಿದ್ದಕ್ಕೆ ಬೀಪ್ ಬದಲಾಯಿತು" ಅಂತ ಗೊತ್ತು, ಆದರೆ ಆ ವಿಷಯ ಎದೆಗೆ ತಲುಪುವಷ್ಟರಲ್ಲಿ ಅದು ಓಡಲು ಶುರು ಮಾಡಿರುತ್ತದೆ.

ಇದನ್ನು ಇಳಿಸಲು ತಪ್ಪಿಸಿಕೊಳ್ಳುವುದು ದಾರಿಯಲ್ಲ, ಅಲ್ಲೇ ಇದ್ದು ಅದು ಇಳಿಯುವ ತನಕ ಕಾಯುವುದು ದಾರಿ. ಸದ್ದು ಕೇಳಿ ಚಳಿ ಬಂದಾಗ ಹೊರಗೆ ಓಡಬೇಡಿ. ಪಾದ ಎರಡೂ ನೆಲಕ್ಕೆ ಒತ್ತಿ, ಮಂಚದ ಕಂಬಿ ಹಿಡಿದು ಅದರ ತಣ್ಣಗಿನ ಅನುಭವ ಗಮನಿಸಿ, ನಾಲ್ಕು ಎಣಿಸುತ್ತಾ ಉಸಿರು ತೆಗೆದುಕೊಂಡು ಆರು ಎಣಿಸುತ್ತಾ ಬಿಡಿ. ಬಿಡುವುದು ಉದ್ದ ಇರಬೇಕು, ಅದೇ ಗುಟ್ಟು. ನಾಲ್ಕೈದು ನಿಮಿಷ. ನಂತರ ಸ್ಕ್ರೀನ್ ನೋಡಿ, ನಂಬರ್ ಓದಿ, ರೋಗಿಯ ಮುಖ ನೋಡಿ. ಇದನ್ನು ಗಾಬರಿ ಇಲ್ಲದ ಹೊತ್ತಲ್ಲಿ ಮನೆಯಲ್ಲೇ ಅಭ್ಯಾಸ ಮಾಡಿರಬೇಕು, ಗಾಬರಿಯ ನಡುವೆ ಹೊಸದಾಗಿ ಕಲಿಯಲು ಆಗುವುದಿಲ್ಲ.

ಕೈ ತೊಳೆಯುವುದಕ್ಕೂ ಇದೇ ಮಾತು. ಸೋಪಿನಲ್ಲಿ 40ರಿಂದ 60 ಸೆಕೆಂಡ್, ನಿಮಗೆ ನಾನು ಹಂತಗಳನ್ನು ಹೇಳಬೇಕಾಗಿಲ್ಲ, ಗೋಡೆಗೆ ಚಾರ್ಟ್ ಅಂಟಿಸಿದವರೇ ನೀವು. ಆ ಒಂದು ಸಲ ಮಗಳಿಗಾಗಿ. ಎರಡನೆಯದು, ಮೂರನೆಯದು, ನಾಲ್ಕನೆಯದು ಮಗಳಿಗಲ್ಲ, ನಿಮ್ಮ ಆತಂಕಕ್ಕೆ, ಮತ್ತು ಅದು ತೊಳೆದಷ್ಟೂ ಇನ್ನೊಂದು ಸಲ ಕೇಳುತ್ತದೆ. ಈ ವಾರ ಒಂದು ಸಲ ಕಡಿಮೆ ಮಾಡಿ, ಮುಂದಿನ ವಾರ ಇನ್ನೊಂದು. ಮೊದಲ ಕೆಲವು ದಿನ ಕಳವಳ ಹೆಚ್ಚಾಗುತ್ತದೆ, ಅದಕ್ಕೆ ಹೆದರಬೇಡಿ, ಹಾಗೇ ಆಗಬೇಕು.

ಈಗ ಆ ರಾತ್ರಿ.

ನೀವು ವಿವರ ಬರೆದಿಲ್ಲ, ನಾನು ಊಹಿಸುವುದೂ ಇಲ್ಲ. ಆದರೆ ಆ ದಿನಗಳು ಎಲ್ಲರಿಗೂ ನೆನಪಿವೆ. 2021ರ ಮೇ 2ರಿಂದ ಮರುದಿನ ಬೆಳಗಿನೊಳಗೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊರತೆಯ ನಡುವೆ 24 ರೋಗಿಗಳು ಸತ್ತ ಸುದ್ದಿ ಬಂತು. ಮೇ 5ರಂದು ಕರ್ನಾಟಕ ಹೈಕೋರ್ಟ್ ರಾಜ್ಯಕ್ಕೆ ದಿನಕ್ಕೆ 1,200 ಟನ್ ಆಕ್ಸಿಜನ್ ಕೊಡಿ ಅಂತ ಕೇಂದ್ರಕ್ಕೆ ಹೇಳಬೇಕಾಯಿತು. ಕೇಂದ್ರ ಸುಪ್ರೀಂ ಕೋರ್ಟಿಗೆ ಹೋಯಿತು, ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಡಲಿಲ್ಲ. ಯಾಕೆ ಇದನ್ನು ಹೇಳುತ್ತಿದ್ದೇನೆ ಅಂದರೆ, ಆಕ್ಸಿಜನ್ ಎಷ್ಟು ಬರಬೇಕು ಅನ್ನುವುದು ದಿಲ್ಲಿಯ ತನಕ ಹೋದ ಜಗಳ. ಆ ಜಗಳ ತೀರದೇ ಉಳಿದ ಬಾಕಿಯನ್ನು ನಡುರಾತ್ರಿ, ಒಂದು ತಾಲೂಕು ಆಸ್ಪತ್ರೆಯಲ್ಲಿ, ಒಂದು ಫ್ಲೋ ಮೀಟರ್ ಹಿಡಿದುಕೊಂಡು ನಿಂತ ನಿಮ್ಮ ಕೈಗೆ ಕೊಟ್ಟರು.

ಇಂಥದ್ದರಿಂದ ಆಗುವ ನೋವು ಭಯ ಅಲ್ಲ. ಸರಿ ಅಂತ ಗೊತ್ತಿರುವುದನ್ನು ಮಾಡಲು ಆಗದೇ ಹೋದಾಗ, ಅಥವಾ ಯಾವುದನ್ನು ಮಾಡಿದರೂ ತಪ್ಪೇ ಆಗುವ ಕಡೆ ನಿಲ್ಲಿಸಿದಾಗ, ಅಂತಃಸಾಕ್ಷಿಗೆ ಆಗುವ ಗಾಯ ಅದು. ನಾಚಿಕೆ, ಸಿಟ್ಟು, ತಪ್ಪು ಮಾಡಿದೆ ಅನ್ನುವ ಭಾವ ಅದರ ಲಕ್ಷಣ. ಭಯಕ್ಕೆ ಉಸಿರಾಟದ ಅಭ್ಯಾಸ ಸಾಕಾಗಬಹುದು, ಇದಕ್ಕೆ ಸಾಕಾಗುವುದಿಲ್ಲ. ನನ್ನ ಅನುಮಾನ ಇಷ್ಟು: ನಿಫಾ ಸುದ್ದಿ ಬಂದಾಗ ನಿಮ್ಮ ಕೈ ನಡುಗುವುದು ಸೋಂಕಿನ ಭಯಕ್ಕೆ ಮಾತ್ರ ಅಲ್ಲ, "ಮತ್ತೆ ಅಂಥ ಜಾಗದಲ್ಲಿ ನನ್ನನ್ನು ನಿಲ್ಲಿಸಿದರೆ?" ಅನ್ನುವುದಕ್ಕೆ. ಸೋಂಕಿಗೆ ಎನ್-95 ಇದೆ, ಇದಕ್ಕೆ ಏನಿದೆ?

"ನಿಮ್ಮದೇನೂ ತಪ್ಪಿಲ್ಲ" ಅಂತ ನಾನು ಇಲ್ಲಿ ಬರೆದುಬಿಡಬಹುದಿತ್ತು. ನಿಜವೂ ಇರಬಹುದು. ಆದರೆ ಪೂರ್ತಿ ಕೇಳದೇ ಆ ಮಾತು ಹೇಳಿದರೆ ಅದು ಸಮಾಧಾನ ಅಲ್ಲ, ಬಾಯಿ ಮುಚ್ಚಿಸುವುದು. ನಿಮ್ಮ ಮನೆಯವರೂ ಪ್ರೀತಿಯಿಂದಲೇ ಹಾಗೆ ಹೇಳಿರಬಹುದು, ಅದಕ್ಕೇ ನೀವು ಆಮೇಲೆ ಆ ಮಾತು ಎತ್ತಿಲ್ಲದಿರಬಹುದು. ಅದರ ಬದಲು ಆ ರಾತ್ರಿ ನಿಮ್ಮ ಜೊತೆ ಡ್ಯೂಟಿಯಲ್ಲಿದ್ದ ಒಬ್ಬರನ್ನು ಹುಡುಕಿ, ಸಿಸ್ಟರ್ ಆಗಲಿ, ವಾರ್ಡ್ ಬಾಯ್ ಆಗಲಿ, ಡ್ಯೂಟಿ ಡಾಕ್ಟರ್ ಆಗಲಿ. ಅವರೊಂದಿಗೆ ಒಂದು ಸಲ ಆ ರಾತ್ರಿಯನ್ನು ಮೊದಲಿನಿಂದ ಕೊನೆಯ ತನಕ ಹೇಳಿ. ಎಷ್ಟು ಸಿಲಿಂಡರ್ ಇತ್ತು, ಯಾರು ಯಾರಿಗೆ ಫೋನ್ ಮಾಡಿದರು, ಯಾರು ಎತ್ತಲಿಲ್ಲ, ಇಬ್ಬರಲ್ಲಿ ಯಾರಿಗೆ ಅಂತ ಯಾರು ಹೇಳಿದರು, ಯಾವ ಲೆಕ್ಕದ ಮೇಲೆ. ನಂತರ ಒಂದು ಹಾಳೆಯ ಮೇಲೆ ಆ ರಾತ್ರಿ ಆದದ್ದಕ್ಕೆ ಹೊಣೆ ಇರುವ ಎಲ್ಲರನ್ನೂ, ಎಲ್ಲವನ್ನೂ ಬರೆಯಿರಿ: ರೋಗ, ತಡವಾಗಿ ಬಂದದ್ದು, ಸರಬರಾಜು, ಆಸ್ಪತ್ರೆ, ಜಿಲ್ಲಾಡಳಿತ, ಮೇಲಿನವರು. ನಿಮ್ಮ ಹೆಸರನ್ನು ಕೊನೆಯಲ್ಲಿ ಬರೆಯಿರಿ, ಮೊದಲಲ್ಲ. ಪ್ರತಿಯೊಬ್ಬರಿಗೂ ಎಷ್ಟು ಪಾಲು ಅಂತ ಹಾಕುತ್ತಾ ಬನ್ನಿ. ಚಿಕಿತ್ಸಕರು ಇದನ್ನು ಎದುರು ಕೂತು ಮಾಡಿಸುತ್ತಾರೆ, ಒಬ್ಬರೇ ಮಾಡುವಾಗ ತೀರಾ ಕಷ್ಟ ಅನ್ನಿಸಿದರೆ ನಿಲ್ಲಿಸಿ, ಅವರ ಹತ್ತಿರ ಹೋಗುವಾಗ ಹಾಳೆ ತೆಗೆದುಕೊಂಡು ಹೋಗಿ.

ಒಂದು ಎಚ್ಚರಿಕೆ. ನಿಮ್ಮ ಆಸ್ಪತ್ರೆಯಲ್ಲಿ ಯಾರಾದರೂ ಎಲ್ಲರನ್ನೂ ಒಂದು ಹಾಲ್‌ನಲ್ಲಿ ಕೂರಿಸಿ "ಬನ್ನಿ, ಎಲ್ಲರೂ ನಿಮ್ಮ ಆಘಾತ ಹಂಚಿಕೊಳ್ಳಿ" ಅಂತ ಒಂದೇ ದಿನದ ಕಾರ್ಯಕ್ರಮ ಮಾಡಿದರೆ ಬಾಯಿ ಬಿಡಲೇಬೇಕು ಅಂತೇನಿಲ್ಲ. ಆಘಾತ ಆದವರನ್ನು ಒಂದೇ ಸಲ ಕೂರಿಸಿ ಬಲವಂತವಾಗಿ ಮಾತಾಡಿಸುವುದರಿಂದ ಮುಂದಿನ ತೊಂದರೆ ತಪ್ಪುವುದಿಲ್ಲ, ಕೆಲವರಿಗೆ ಇನ್ನಷ್ಟು ಹೆಚ್ಚಾಗಬಹುದು ಅಂತ ಅಧ್ಯಯನಗಳು ತೋರಿಸಿವೆ. ಮಾತು ನಿಮಗೆ ಬೇಕಾದಾಗ, ನೀವು ನಂಬುವವರ ಹತ್ತಿರ.

ಮಾತ್ರೆಗೆ ಬರೋಣ. ಇಲ್ಲಿ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆಸ್ಪತ್ರೆಯಲ್ಲಿ ಕೆಲಸ ಮಾಡುವ ನಮ್ಮೆಲ್ಲರ ಕೈಗೆ ಔಷಧ ಸುಲಭವಾಗಿ ಸಿಗುತ್ತದೆ, ಅದೇ ನಮ್ಮ ಅಪಾಯ. ಆಲ್‌ಪ್ರಜೋಲಮ್ ಬೇಗ ಏರಿ ಬೇಗ ಇಳಿಯುವ ಔಷಧ. ಇಳಿಯುವಾಗ ಆತಂಕ ಮೊದಲಿಗಿಂತ ಜಾಸ್ತಿ ಆಗಿ ಬರುತ್ತದೆ, "ನೋಡು, ನನಗೆ ಮಾತ್ರೆ ಬೇಕೇ ಬೇಕು" ಅಂತ ಅನ್ನಿಸುತ್ತದೆ, ಅರ್ಧ ಒಂದಾಗುತ್ತದೆ. ವೈದ್ಯರ ಚೀಟಿ ಇಲ್ಲದೆ ಮಾರಬಾರದು, ಮಾರಿದ್ದನ್ನು ಬೇರೆ ರಿಜಿಸ್ಟರಿನಲ್ಲಿ ಬರೆದಿಡಬೇಕು ಅಂತ ಕಾನೂನು ಇರುವುದು ಸುಮ್ಮನೆ ಅಲ್ಲ. ಅದನ್ನು ತಗೊಂಡು ಮರುದಿನ ಡ್ಯೂಟಿಯಲ್ಲಿ ಡೋಸ್ ಲೆಕ್ಕ ಹಾಕುವುದೂ ಒಳ್ಳೆಯದಲ್ಲ. ಆದರೆ ಇವತ್ತು ಇದನ್ನು ಓದಿ ನಾಳೆ ದಿಢೀರ್ ಅಂತ ನಿಲ್ಲಿಸಬೇಡಿ. ಅಪರೂಪಕ್ಕೆ ತಗೊಳ್ಳುತ್ತಿದ್ದರೆ ತೊಂದರೆ ಇಲ್ಲ, ಆದರೆ ದಿನವೂ ತಗೊಳ್ಳುತ್ತಿದ್ದರೆ ಒಮ್ಮೆಲೇ ಬಿಟ್ಟಾಗ ಫಿಟ್ಸ್ ಕೂಡ ಬರಬಹುದು, ವೈದ್ಯರ ಮಾತಿನಂತೆ ನಿಧಾನಕ್ಕೆ ಇಳಿಸಬೇಕು. ನಿಜವಾಗಿ ಔಷಧ ಬೇಕಾದರೆ ಎಸ್ಸಿಟಾಲೊಪ್ರಾಮ್, ಸರ್ಟ್ರಲಿನ್ ಥರದ್ದು ಕೊಡುತ್ತಾರೆ. ಅವು ಹಿಡಿಯಲು ಎರಡು ಮೂರು ವಾರ, ಕೆಲವರಿಗೆ ಇನ್ನೂ ಸ್ವಲ್ಪ ಜಾಸ್ತಿ ಬೇಕು, ಮೊದಲ ದಿನಗಳಲ್ಲಿ ಹೊಟ್ಟೆ ತೊಳೆಸಬಹುದು, ಆದರೆ ಆಲ್‌ಪ್ರಜೋಲಮ್ ಹಾಗೆ ಚಟ ಹಿಡಿಸುವುದಿಲ್ಲ. ಕೈ ನಡುಕಕ್ಕೆ ಅಂತ ಯಾರಾದರೂ ಪ್ರೊಪ್ರನೊಲಾಲ್ ಕೊಟ್ಟರೆ, ನಿಮಗೆ ಆಸ್ತಮಾ ಇದ್ದರೆ ತಗೊಳ್ಳಬೇಡಿ. ನರ್ಸ್‌ಗೆ ಇದು ಗೊತ್ತಿರುತ್ತದೆ, ಆದರೂ ತನ್ನ ವಿಷಯಕ್ಕೆ ಬಂದಾಗ ಯಾರೂ ಯೋಚಿಸುವುದಿಲ್ಲ.

ತೋರಿಸಬೇಕಾ ಬೇಡವಾ ಅನ್ನುವುದಕ್ಕೆ ಒಂದು ಅಳತೆ ಇದೆ. ಜಿ.ಎ.ಡಿ-7 ಅಂತ ಆತಂಕ ಅಳೆಯುವ ಏಳು ಪ್ರಶ್ನೆಗಳ ಪಟ್ಟಿ, ಕಳೆದ ಎರಡು ವಾರಗಳ ಬಗ್ಗೆ ಕೇಳುತ್ತದೆ, ಒಟ್ಟು 21 ಅಂಕ. 10 ಮುಟ್ಟಿದರೆ ತೋರಿಸಿ, 15 ಮುಟ್ಟಿದರೆ ತಡ ಮಾಡಬೇಡಿ. ಅಂಕ ಏನೇ ಇರಲಿ, ಕೆಟ್ಟ ಕನಸು, ಆ ವಾರ್ಡ್ ಕಡೆ ಹೋಗದೇ ತಪ್ಪಿಸಿಕೊಳ್ಳುವುದು, ಸಣ್ಣ ಸದ್ದಿಗೂ ಬೆಚ್ಚುವುದು ತಿಂಗಳಿಗಿಂತ ಹೆಚ್ಚು ಇದ್ದರೂ ತೋರಿಸಬೇಕು. ಇನ್ನು ಬದುಕುವುದೇ ಬೇಡ ಅನ್ನುವ ಯೋಚನೆ ಒಮ್ಮೆ ಬಂದರೂ ಅವತ್ತೇ ಯಾರಿಗಾದರೂ ಹೇಳಿ, ಕಾಯಬೇಡಿ.

ಎಲ್ಲಿ ತೋರಿಸುವುದು? ನಿಮ್ಮದೇ ಆಸ್ಪತ್ರೆಯ ಒಪಿಡಿ ಸಾಲಿನಲ್ಲಿ ನಿಲ್ಲಲು ಮುಜುಗರ ಅಂತ ಗೊತ್ತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416 ಒತ್ತಿ, 2022ರ ಅಕ್ಟೋಬರ್‌ನಿಂದ ಇದೆ, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನೈಟ್ ಡ್ಯೂಟಿ ಮುಗಿಸಿ ಬೆಳಿಗ್ಗೆ ಆದರೂ ಮಾಡಬಹುದು. ಮುಖಾಮುಖಿ ಬೇಕಾದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರಿದ್ದಾರೆ. ಈ ಕಾರ್ಯಕ್ರಮದ ಮಾದರಿ ಹುಟ್ಟಿದ್ದೇ 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿ, ನಿಮ್ಹಾನ್ಸ್‌ನವರಿಂದ. ಪಕ್ಕದ ತಾಲೂಕಿಗೋ ಜಿಲ್ಲಾ ಕೇಂದ್ರಕ್ಕೋ ಹೋಗಿ, ಪರಿಚಯದವರು ಸಿಗದಿದ್ದರೆ ಸಾಕು ತಾನೆ. ಆಘಾತಕ್ಕೆ ಅಂತಲೇ ಇರುವ ಮಾತಿನ ಚಿಕಿತ್ಸೆ ಸಿಗುತ್ತಾ ಅಂತ ಕೇಳಿ, ಬರೀ ಮಾತ್ರೆ ಬರೆಸಿಕೊಂಡು ಬರಬೇಡಿ.

ಸರ್ವಿಸ್ ರಿಜಿಸ್ಟರ್ ಬಗ್ಗೆ: ನೀವು ಒಪಿಡಿಯಲ್ಲಿ ತೋರಿಸಿಕೊಂಡದ್ದು ಅಲ್ಲಿಗೆ ಹೋಗುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ನಿಮ್ಮ ಚಿಕಿತ್ಸೆಯ ವಿಷಯ ಗುಟ್ಟಾಗಿ ಇಡುವುದು ವೈದ್ಯರ ಕರ್ತವ್ಯ, ನಿಮ್ಮ ಹಕ್ಕು. ವೈದ್ಯಕೀಯ ರಜೆ ಕೇಳಿದಾಗ ಮಾತ್ರ ಸರ್ಟಿಫಿಕೇಟ್ ಕೊಡಬೇಕಾಗುತ್ತದೆ, ಅದರಲ್ಲಿ ಏನು ಬರೆಯಬೇಕು ಅಂತ ನಿಮ್ಮ ವೈದ್ಯರ ಜೊತೆ ಮೊದಲೇ ಮಾತಾಡಿ.

ಇನ್‌ಚಾರ್ಜ್ ಸಿಸ್ಟರ್ ಹತ್ತಿರ "ನನಗೆ ಆತಂಕ" ಅಂತ ಹೋಗಬೇಡಿ, ಅವರಿಗೆ ಕೊಡಲು ಏನೂ ಇಲ್ಲ, ಅವರದೇ ಆತಂಕ ಅವರ ಹತ್ತಿರ ಇದೆ. ಕೆಲಸದ ಭಾಷೆಯಲ್ಲಿ ಕೇಳಿ, ಸಾಧ್ಯವಾದರೆ ನಾಲ್ಕು ಜನ ಸೇರಿ ಬರವಣಿಗೆಯಲ್ಲಿ ಕೇಳಿ: ನಿಫಾ ಅನುಮಾನದ ರೋಗಿ ಬಂದರೆ ಯಾವ ಕೋಣೆ, ಕಿಟ್ ಹಾಕುವ, ಬಿಚ್ಚುವ ಅಭ್ಯಾಸ ಯಾವತ್ತು, ಎನ್-95 ಎಷ್ಟು ಸ್ಟಾಕ್ ಇದೆ, ಮೊದಲ ಶಿಫ್ಟಿನಲ್ಲಿ ಒಬ್ಬರನ್ನೇ ಹಾಕುತ್ತೀರಾ ಇಬ್ಬರನ್ನಾ, ನಮಗೆ ಜ್ವರ ಬಂದರೆ ಟೆಸ್ಟ್ ಎಲ್ಲಿ, ಇರುವುದು ಎಲ್ಲಿ. ಅದರ ಜೊತೆಗೆ ಇನ್ನೊಂದು, ನಿಮಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಬೆಡ್, ಆಕ್ಸಿಜನ್ ಸಾಲದೇ ಬಂದರೆ ಯಾರಿಗೆ ಅಂತ ತೀರ್ಮಾನ ಮಾಡುವವರು ಯಾರು, ರಾತ್ರಿ ಅವರ ಫೋನ್ ನಂಬರ್ ಯಾವುದು. ಆ ಉತ್ತರ ಒಂದು ಹಾಳೆಯಲ್ಲಿ ನರ್ಸಿಂಗ್ ಸ್ಟೇಷನ್ನಿನ ಗೋಡೆ ಮೇಲೆ ಇರಲಿ. ಬಿಚ್ಚುವ ಅಭ್ಯಾಸ ಅಂತ ಒತ್ತಿ ಹೇಳುತ್ತಿರುವುದು ಯಾಕೆ ಅಂದರೆ ಕಿಟ್ ಹಾಕುವಾಗಿಗಿಂತ ಬಿಚ್ಚುವಾಗಲೇ ಸೋಂಕು ಹತ್ತುವ ಅಪಾಯ ಹೆಚ್ಚು, ಶಿಫ್ಟ್ ಮುಗಿದು ಸುಸ್ತಾಗಿ ಅವಸರ ಮಾಡುವ ಹೊತ್ತು ಅದು. ಕೈಗೆ ಅಭ್ಯಾಸವಾದ ಕೆಲಸದ ಮುಂದೆ ಆತಂಕ ತಾನಾಗಿಯೇ ಸ್ವಲ್ಪ ಇಳಿಯುತ್ತದೆ.

ಸುದ್ದಿ ನೋಡುವುದನ್ನು ದಿನಕ್ಕೆ ಒಂದು ಸಲಕ್ಕೆ ಇಳಿಸಿ, ಆರೋಗ್ಯ ಇಲಾಖೆಯ ಬುಲೆಟಿನ್ ಸಾಕು. ಸ್ಟಾಫ್ ವಾಟ್ಸಾಪ್ ಗುಂಪನ್ನು ಮ್ಯೂಟ್ ಮಾಡಿ, ಫಾರ್ವರ್ಡ್ ವಿಡಿಯೋದಿಂದ ಯಾವ ನರ್ಸೂ ಕ್ಷೇಮವಾಗಿಲ್ಲ. ನೈಟ್ ಡ್ಯೂಟಿಯಲ್ಲಿ ಎರಡು ಗಂಟೆ ಮೇಲೆ ಟೀ ಬೇಡ, ಬೆಳಿಗ್ಗೆ ಮನೆಗೆ ಬಂದು ಮಲಗುವ ಕೋಣೆ ಕತ್ತಲು ಮಾಡಿ. ಅಡುಗೆ, ಬಟ್ಟೆ ಮುಗಿಸಿ ಆಮೇಲೆ ಮಲಗುತ್ತೇನೆ ಅನ್ನುವುದು ನಿಮ್ಮ ಕೆಲಸದವರ ದೊಡ್ಡ ರೋಗ. ಅದನ್ನು ಯಜಮಾನರಿಗೆ ಹಂಚಿ. ಕೆಲಸ ಬಿಡು ಅನ್ನುವಷ್ಟು ಕಾಳಜಿ ಇರುವವರು ಬೆಳಗಿನ ಕುಕ್ಕರ್ ಇಡಬಲ್ಲರು.

ಕೆಲಸ ಬಿಡಲಾ ಅಂತ ಕೇಳಿದ್ದೀರಿ. ಈಗ ಬಿಡಬೇಡಿ. ಬಿಡಲೇಬಾರದು ಅಂತ ನಾನು ಹೇಳುತ್ತಿಲ್ಲ, ಸೇವೆ, ತ್ಯಾಗ ಅಂತ ನಿಮ್ಮನ್ನು ಕಟ್ಟಿ ಹಾಕುವ ಇಷ್ಟ ನನಗಿಲ್ಲ, ಅಂಥ ಮಾತು ನೀವು ಸಾಕಷ್ಟು ಕೇಳಿದ್ದೀರಿ. ಆದರೆ ಆತಂಕ ಮೇಲೆ ಇರುವಾಗ ತಗೊಂಡ ತೀರ್ಮಾನ ಆತಂಕದ ತೀರ್ಮಾನ. ಈಗ ಬಿಟ್ಟರೆ ಮಾನಿಟರ್ ಸದ್ದು ಕೇಳಿಸುವುದಿಲ್ಲ ನಿಜ, ಆ ರಾತ್ರಿ ಮಾತ್ರ ಮನೆಗೂ ಬರುತ್ತದೆ. ಮೂರು ತಿಂಗಳು ಚಿಕಿತ್ಸೆ ತಗೊಳ್ಳಿ. ಅಷ್ಟರಲ್ಲಿ ಬೇಕಾದರೆ ಕೆಲವು ದಿನ ಐಸೊಲೇಷನ್ ಡ್ಯೂಟಿ ಬೇಡ, ಲಸಿಕೆ ವಿಭಾಗಕ್ಕೋ ಒಪಿಡಿಗೋ ಹಾಕಿ ಅಂತ ಕೇಳಿ, ಅದರಲ್ಲಿ ಅವಮಾನ ಇಲ್ಲ. ಆಮೇಲೂ ಬಿಡಬೇಕು ಅನ್ನಿಸಿದರೆ ಬಿಡಿ, ಆಗ ಅದು ನೀವು ಯೋಚಿಸಿ ಮಾಡಿದ್ದಾಗಿರುತ್ತದೆ. ಮೂರು ತಿಂಗಳ ಮೇಲೆ ಹೇಗಿದ್ದೀರಿ ಅಂತ ಬರೆದರೆ, ಹೆಸರು ಹಾಕದೇ ಉತ್ತರಿಸುತ್ತೇನೆ.